ಆರುನೂರ ಆರು

ಒಂದು ಪೌಂಡಿಗೆ ಒಂದು ಚೀಟಿ, ಐದಕ್ಕೆ ಆರು.
ನವೆಂಬರ್ ಪೂರ್ತಿ ಮಾರಿದವಳು ನಾನೇ:
ರೆಂಡಲ್‌ನ ಮಾಂಸದಂಗಡಿಯಲ್ಲಿ, ದೋಣಿಕಟ್ಟೆಯಲ್ಲಿ,
ಹಡಗಿನ ಅಟ್ಟದಲ್ಲಿ ವಾಂತಿ ತಡೆದು ನಿಂತವರ ಮುಂದೆ ಕೂಡ.
ಜೂಜು ಪಾಪ, ಎಂದರು ಪಾದ್ರಿ.
ಎಂದವರು ಹೆಂಡತಿಯ ಹೆಸರಲ್ಲಿ ಎರಡು ಕೊಂಡರು.

ಬಹುಮಾನ, ಕಡಲಾಚೆ ಅಬರ್ಡೀನಿನಲ್ಲಿ ಒಂದು ರಾತ್ರಿ:
ಉದ್ದನೆಯ ಕರಿ ಕಾರು, ಬಾಗಿಲು ತೆರೆಯಲು ಕೈಗವಸಿನ ಡ್ರೈವರು,
ಐದು ಸುತ್ತಿನ ಊಟ, ಎಂಟು ದಿಂಬಿನ ಹಾಸಿಗೆ
(ಎಂಟು ಯಾಕೆ, ಯಾರೂ ಹೇಳಲಿಲ್ಲ),
ದೊಡ್ಡ ಥಿಯೇಟರಿನ ಮಖಮಲ್ಲು ಹೊದಿಸಿದ ಬಾಕ್ಸಿನಲ್ಲಿ
ಎರಡು ಕುರ್ಚಿ.

ಹಣವೆಲ್ಲ ನಮ್ಮ ಥಿಯೇಟರಿನ ಸೂರಿಗೆ.
ಥಿಯೇಟರೆಂದರೆ, ಹಿಂದೆ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಿದ್ದ ಕೊಟ್ಟಿಗೆ.
ರಾಣಿ ಬರಲಿ ರಾಕ್ಷಸ ಬರಲಿ
ಅವರಿಗಿಂತ ಮೊದಲು ಮೀನಿನ ವಾಸನೆ ಬಂದು ನಿಲ್ಲುತ್ತದೆ.
ಓರ್ಕ್ನಿಯ ಮಳೆ ನೆಟ್ಟಗೆ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ,
ಮೊಳೆಯ ತೂತು ಹುಡುಕಿಕೊಂಡು.
ಮೂರನೆಯ ಅಂಕದಲ್ಲಿ ತಗಡಿನ ಬಕೆಟ್ಟಿಗೆ
ತೊಟಕ್. ತೊಟಕ್.
ನಮ್ಮಲ್ಲಿ ಸಾಯುವ ಪಾತ್ರಗಳೆಲ್ಲ
ಆ ತಾಳಕ್ಕೇ ಸಾಯುವುದನ್ನು ಕಲಿತಿದ್ದವು.

ಚೀಟಿ ಎತ್ತಿದ್ದು ಕಡಲ್ಗಳ್ಳರ ನಾಟಕದ ಪೆಟ್ಟಿಗೆಯಿಂದ.
ಎತ್ತಿದವನು ಥೋರ್ಫಿನ್ ಇಸ್ಬಿಸ್ಟರ್,
ಮೂವತ್ತು ವರ್ಷ ದೀಪಸ್ತಂಭ ಕಾದವನು,
ಅವತ್ತು ಕನ್ನಡಕ ಮರೆತು ಬಂದವನು.
'ಒಂಬೈನೂರ ಒಂಬತ್ತು!'
ಯಾರೂ ಏಳಲಿಲ್ಲ. ಏಳುವುದು ಹೇಗೆ,
ಮಾರಿದ್ದೇ ಎಂಟುನೂರ ಇಪ್ಪತ್ತು.
ಆಗ ಪಕ್ಕದ ಪರದೆಯ ಕತ್ತಲಿಂದ ಪಿಸುಮಾತು,
ಊರಿಗೆಲ್ಲ ಗೊತ್ತಿದ್ದ, ಊರು ಕೇಳಿಸದಂತೆ ನಟಿಸುತ್ತಿದ್ದ ಪಿಸುಮಾತು:
'ಆರುನೂರ ಆರು, ಥೋರ್ಫಿನ್. ತಲೆಕೆಳಗೆ ಹಿಡಿದಿದ್ದೀಯ.'

ಇಂಗಾ ಫ್ಲೆಟ್, ನಮ್ಮ ಪ್ರಾಂಪ್ಟರು.
ಹೇಳಿಕೊಟ್ಟ ಮೇಲೆಯೇ ಹೊಳೆದದ್ದು,
ತನ್ನ ಪ್ರತಿಯಲ್ಲಿ ಪುಟದ ಗುರುತಿಗೆ ಇಟ್ಟ ಗುಲಾಬಿ ಚೀಟಿ ಅದೇ ಎಂದು.

ಎಳೆದು ತಂದರು ಬೆಳಕಿಗೆ.
ಎರಡು ಮಾತಾಡು, ಎಂದರು.
ಯುವರಾಜರ ಪ್ರೇಮ, ಮುದುಕಿಯರ ಶಾಪ,
ಎಲ್ಲರ ಎಲ್ಲ ಮಾತೂ ಬಾಯಿಪಾಠವಾಗಿದ್ದವಳಿಗೆ
ತನ್ನದೆಂಬ ಒಂದು ಸಾಲೂ ಇರಲಿಲ್ಲ.
ತುಟಿ ಅದುರಿತು. ಪಕ್ಕಕ್ಕೆ ನೋಡಿದಳು.
ಅಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಟಾರ್ಚು, ಅಷ್ಟೆ.
ಆಗ ಬಕೆಟ್ಟೇ ಹೇಳಿಕೊಟ್ಟಿತು: ತೊಟಕ್.
'ಸೂರು,' ಎಂದಳು ಇಂಗಾ, 'ಹೂಂ, ಸೂರು.'
ಇಳಿದು ಹೋದಳು.

ಅಬರ್ಡೀನಿಗೆ ಒಬ್ಬಳೇ ಹೋದಳು.
ಎರಡನೆಯ ಕುರ್ಚಿಯಲ್ಲಿ ಕೋಟು.
ಐದು ಸುತ್ತಿನಲ್ಲಿ ಮೂರನೆಯದು ಹೆರಿಂಗ್ ಮೀನೇ ಆಗಿತ್ತಂತೆ,
ನಾಲ್ಕು ಬೆರಳಷ್ಟು, ಮೇಲೊಂದು ಹೂವು.
ನಾಟಕ ನಾವು ಹಿಂದೊಮ್ಮೆ ಆಡಿದ್ದೇ.
ಕೊನೆಗೆ ತಂದೆಯ ಪಾತ್ರದವನು ನಿಂತುಬಿಟ್ಟ.
ಒಂದು. ಎರಡು. ಮೂರು.
ನಮ್ಮಲ್ಲಿ ಮೂರು ಎಣಿಸಿದರೆ ಮುಗಿಯಿತು, ಹೇಳಿಕೊಡಲೇಬೇಕು.
ಇಂಗಾ ಮಖಮಲ್ಲಿನಂಚಿಂದ ಬಾಗಿ ಹೇಳಿಕೊಟ್ಟಳು.
ಅವನು ತಲೆಯೆತ್ತಿ ನೋಡಿದ,
ಕಣ್ಣಲ್ಲಿ ನಿಜವಾಗಿಯೂ ನೀರು ಬಂತಂತೆ, ಆಮೇಲೆ ಮಾತು.
'ಅದು ಮರೆವಲ್ಲವಂತೆ ಕಣೇ, ಅಭಿನಯವಂತೆ,'
ಮರುದಿನ ದೋಣಿಕಟ್ಟೆಯಲ್ಲಿ ನನಗೆ ಹೇಳಿದಳು,
ನಾಚಿಕೆಗೋ ಗಾಳಿಗೋ ಕೆನ್ನೆ ಕೆಂಪಾಗಿ.
'ಗೇಟಿನವನು ಮೆಲ್ಲಗೆ ಗದರಿದ.
ದಿಂಬು? ಏಳನ್ನು ನೆಲಕ್ಕಿಳಿಸಿ ಮಲಗಿದೆ.'

ಬಂದ ಹಣಕ್ಕೆ ಅರ್ಧ ಸೂರು ಆಯಿತು,
ವೇದಿಕೆಯ ಕಡೆಯ ಅರ್ಧ.
ಫೆಬ್ರವರಿಯ ನಾಟಕ, ಮೂರನೆಯ ಅಂಕ, ಹೊರಗೆ ಬಿರುಗಾಳಿ ಮಳೆ,
ರೆಂಡಲ್ ಹೊಟ್ಟೆಗೆ ಕತ್ತಿ ಹಾಕಿಸಿಕೊಂಡು ಮಲಗಿದ್ದಾನೆ.
ಒಳಗೆ ಸದ್ದಿಲ್ಲ. ಒಂದು ಹನಿಯೂ ಇಲ್ಲ.
ಪಾಪ, ಯಾವಾಗ ಸಾಯಬೇಕೆಂದು ತಿಳಿಯದೆ
ಒಂದು ಕಣ್ಣು ತೆರೆದು ಪಕ್ಕಕ್ಕೆ ನೋಡಿದ.

ಕತ್ತಲಲ್ಲಿ ಇಂಗಾ
ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಬಿಟ್ಟಳು:
ತೊಟಕ್.